ದಂಡದ ದುಡ್ಡು ಯಾರ ಖಜಾನೆಗೆ

1923ರ ಮೇ 11ರಿಂದ ಡಿಸೆಂಬರ್ 31ರವರೆಗೆ, ಅಂದರೆ ಎಂಟು ತಿಂಗಳೂ ತುಂಬದ ಅವಧಿಯಲ್ಲಿ, ಅಮೆರಿಕದ ಒಹಾಯೋ ರಾಜ್ಯದ ನಾರ್ತ್ ಕಾಲೇಜ್ ಹಿಲ್ ಎಂಬ ಊರಿನ ನ್ಯಾಯಾಲಯ ಮದ್ಯದ ಮೊಕದ್ದಮೆಗಳಿಂದಲೇ 20,000 ಡಾಲರಿಗೂ ಮಿಕ್ಕಿ ದಂಡ ವಸೂಲು ಮಾಡಿತು. ಸಿನ್ಸಿನಾಟಿ ನಗರದ ಮಗ್ಗುಲಲ್ಲಿದ್ದ ಆ ಊರಿನ ಜನಸಂಖ್ಯೆ ಆಗ ಸಾವಿರದ ಆಸುಪಾಸು. ವಸೂಲಾದ ಹಣ ಹಂಚಿಹೋದ ಬಗೆ ದಾಖಲೆಯಲ್ಲಿ ಸೆಂಟಿನ ಲೆಕ್ಕದವರೆಗೆ ಉಳಿದಿದೆ. ರಾಜ್ಯಕ್ಕೆ 8,992 ಡಾಲರ್ 50 ಸೆಂಟ್, ಊರಿನ ಸಾಮಾನ್ಯ ಖರ್ಚಿಗೆ 4,471 ಡಾಲರ್ 25 ಸೆಂಟ್, ಆರೋಪಿಗಳ ವಿರುದ್ಧ ವಾದ ಮಾಡಿದ ವಕೀಲನಿಗೆ 1,796 ಡಾಲರ್ 50 ಸೆಂಟ್, ಪೇದೆ ಪತ್ತೇದಾರರಿಗೆಲ್ಲ ಸೇರಿ 2,697 ಡಾಲರ್ 75 ಸೆಂಟ್. ನ್ಯಾಯಪೀಠದಲ್ಲಿ ಕೂತಿದ್ದವರು ಆ ಊರಿನ ಮೇಯರ್. ಅವರಿಗೆ ಸಂಬಳದ ಮೇಲೆ ಸಿಕ್ಕಿದ್ದು 696 ಡಾಲರ್ 35 ಸೆಂಟ್. ಈ ಕೊನೆಯ ಬಾಬತ್ತಿಗೆ ಒಂದು ಷರತ್ತಿತ್ತು: ಆರೋಪಿ ತಪ್ಪಿತಸ್ಥನೆಂದು ತೀರ್ಪಾದರೆ ಮಾತ್ರ ಮೇಯರಿಗೆ ಶುಲ್ಕ. ಖುಲಾಸೆ ಮಾಡಿದರೆ ಬಿಡಿಗಾಸೂ ಇಲ್ಲ.

ಸಣ್ಣ ಊರಿನ ನ್ಯಾಯಾಲಯದ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ಬೇಗನೆ ನ್ಯಾಯಾಧೀಶನ ಕಡೆ ತಿರುಗುತ್ತದೆ. ಅವನು ಕಾನೂನು ಓದಿದ್ದಾನೆಯೇ, ಊರಿನವರ ಮುಲಾಜಿಗೆ ಸಿಕ್ಕುತ್ತಾನೆಯೇ, ಕೋಪಿಷ್ಠನೇ, ಸಜ್ಜನನೇ ಎಂಬ ಪ್ರಶ್ನೆಗಳು ಏಳುತ್ತವೆ. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಅಮೆರಿಕದ ಪಟ್ಟಣ ನ್ಯಾಯಾಲಯಗಳ ಸುಮಾರು ನೂರು ವರ್ಷಗಳ ಇತಿಹಾಸವನ್ನು ಓದಿದರೆ ಇವುಗಳಿಗಿಂತ ಮೊದಲು ಕೇಳಬೇಕಾದದ್ದು ಬೇರೆಯೇ ಇದೆ ಎನ್ನಿಸುತ್ತದೆ. ವಿಧಿಸಿದ ದಂಡ ಯಾವ ಖಜಾನೆಗೆ ಜಮೆಯಾಗುತ್ತದೆ? ನ್ಯಾಯಾಲಯದ ನಡವಳಿಕೆಯನ್ನು ಅಲ್ಲಿ ಕೂತ ವ್ಯಕ್ತಿಯ ವಿದ್ಯೆಗಿಂತ, ಗುಣಕ್ಕಿಂತ ಹೆಚ್ಚಾಗಿ ನಿರ್ಧರಿಸಿದ್ದು ಈ ಜಮಾ ಖರ್ಚಿನ ಪುಸ್ತಕ ಎಂಬುದು ನನ್ನ ವಾದ. ಇದಕ್ಕೆ ವಿರುದ್ಧವಾದ ಸಾಕ್ಷ್ಯವೂ ಇದೆ, ಅದನ್ನೂ ನೋಡೋಣ.

ಮೊದಲು ಈ ನ್ಯಾಯಾಲಯ ನಡೆಯುವ ಕ್ರಮ. ಒಹಾಯೋದಲ್ಲಿ 5,000ಕ್ಕಿಂತ ಕಡಿಮೆ ಜನರಿರುವ ಪುರಸಭೆಯನ್ನು ಕಾನೂನು ‘ವಿಲೇಜ್’ ಎಂದು ಕರೆಯುತ್ತದೆ. ಆದರೂ ಅದಕ್ಕೆ ತನ್ನದೇ ಮೇಯರ್ ಇರುತ್ತಾನೆ, ಕೌನ್ಸಿಲ್ ಇರುತ್ತದೆ, ಹಲವು ಕಡೆ ಪೊಲೀಸರೂ ಇರುತ್ತಾರೆ. ರಾಜ್ಯವೇ ಸ್ಥಾಪಿಸಿ, ವಕೀಲಿ ಓದಿದ ನ್ಯಾಯಾಧೀಶರನ್ನು ಕೂರಿಸುವ ಮುನಿಸಿಪಲ್ ಕೋರ್ಟುಗಳು ಆ ರಾಜ್ಯದಲ್ಲಿ ಬೇರೆಯೇ ಇವೆ. ಅವುಗಳ ಕೆಳಗೆ, ಊರ ಮೇಯರೇ ನ್ಯಾಯ ಹೇಳುವ ‘ಮೇಯರ್ ಕೋರ್ಟ್’ ಇರುತ್ತದೆ. ಇಂಥ ಕೋರ್ಟು ಇಂದು ಉಳಿದಿರುವುದು ಒಹಾಯೋ ಮತ್ತು ಲೂಸಿಯಾನ ಎಂಬ ಎರಡೇ ರಾಜ್ಯಗಳಲ್ಲಿ. ಒಹಾಯೋ ಒಂದರಲ್ಲೇ ಸುಮಾರು 300 ಇವೆ. ಕೋರ್ಟಿಗೆಂದು ಪ್ರತ್ಯೇಕ ಕಟ್ಟಡವಿರುವುದು ಅಪರೂಪ. ಕೌನ್ಸಿಲ್ ಸಭೆ ಸೇರುವ ಕೋಣೆಯಲ್ಲೇ, ಸಾಮಾನ್ಯವಾಗಿ ಸಂಜೆಯ ಹೊತ್ತು, ಜನ ಕೆಲಸ ಮುಗಿಸಿ ಬರಲೆಂದು ಕಲಾಪ ನಡೆಯುತ್ತದೆ. ಹೆಚ್ಚಿನವು ವೇಗದ ಚಾಲನೆ, ಕೆಂಪುದೀಪ ದಾಟಿದ್ದು, ಬೆಳೆದ ಹುಲ್ಲು ಕತ್ತರಿಸದಿದ್ದದ್ದು ಮುಂತಾದ ಸಣ್ಣಪುಟ್ಟ ಪ್ರಕರಣಗಳು. ಜ್ಯೂರಿ ಇಲ್ಲ, ಜ್ಯೂರಿ ಕೇಳುವ ಹಕ್ಕು ಇರುವವನು ಕೇಳಿದರೆ ಮೊಕದ್ದಮೆ ಮೇಲಿನ ಕೋರ್ಟಿಗೆ ಹೋಗುತ್ತದೆ. ಆಡಿದ ಮಾತೆಲ್ಲವನ್ನೂ ಅಧಿಕೃತವಾಗಿ ಬರೆದಿಡುವ ನ್ಯಾಯಾಲಯ ಇದಲ್ಲ. ತೀರ್ಪು ಒಪ್ಪದವನು ಹತ್ತು ದಿನದೊಳಗೆ ಮೇಲಿನ ಕೋರ್ಟಿಗೆ ಹೋಗಿ ಮೊದಲಿನಿಂದ ಹೊಸದಾಗಿ ವಿಚಾರಣೆ ಮಾಡಿಸಿಕೊಳ್ಳಬಹುದು. ಆದರೆ ಹೆಚ್ಚಿನವರು ಅಲ್ಲಿಯವರೆಗೆ ಹೋಗುವುದಿಲ್ಲ. ಟಿಕೆಟ್ ಹಿಂದೆ ಸಹಿ ಹಾಕಿ ತಪ್ಪೊಪ್ಪಿಕೊಂಡು, ನಿಗದಿಯಾದ ದಂಡವನ್ನು ಅಂಚೆಯಲ್ಲೋ ಗುಮಾಸ್ತೆಯ ಕಿಟಕಿಯಲ್ಲೋ ಕಟ್ಟಿಬಿಡುತ್ತಾರೆ. ದಿನಗೂಲಿಯವನಿಗಂತೂ ವಾದ ಮಾಡುವುದಕ್ಕಿಂತ ಇದೇ ಅಗ್ಗ.

ಈ ಸಾದಾ ವ್ಯವಸ್ಥೆ 1920ರ ದಶಕದಲ್ಲಿ ಲಾಭದ ವ್ಯವಹಾರವಾಗಿ ಬದಲಾಗಲು ಕಾರಣ ಪಾನನಿರೋಧ. ಮದ್ಯವಿರೋಧಿ ಚಳವಳಿಯ ಅತಿ ಬಲಿಷ್ಠ ಸಂಸ್ಥೆಯಾದ ಆ್ಯಂಟಿ ಸಲೂನ್ ಲೀಗ್‌ಗೆ ಒಹಾಯೋ ತವರು. ನಗರಗಳ ಜ್ಯೂರಿಗಳು ಕುಡುಕರ ಮೇಲೆ ಕರುಣೆ ತೋರುತ್ತವೆ ಎಂಬ ಅನುಮಾನ ಮದ್ಯವಿರೋಧಿಗಳಿಗಿತ್ತು. ಒಹಾಯೋ ಕಾನೂನು ಹಳ್ಳಿಯ ಮೇಯರಿಗೆ ಇಡೀ ಕೌಂಟಿಯ ಮೇಲೆ ಅಧಿಕಾರ ಕೊಟ್ಟಿತು. ಅಂದರೆ ಸಾವಿರ ಜನರ ಊರಿನ ಮೇಯರು ಸಿನ್ಸಿನಾಟಿಯಂಥ ಮಹಾನಗರವಿದ್ದ ಕೌಂಟಿಯ ಯಾವ ಮೂಲೆಯಿಂದಾದರೂ ಆರೋಪಿಯನ್ನು ಹಿಡಿದು ತರಿಸಬಹುದಿತ್ತು. ಮೊದಲ ಸಲದ ಅಪರಾಧಕ್ಕೆ ದಂಡ ಕನಿಷ್ಠ 100 ಡಾಲರ್, ಗರಿಷ್ಠ 1,000. ಅದರಲ್ಲಿ ಅರ್ಧ ರಾಜ್ಯಕ್ಕೆ, ಅರ್ಧ ಊರಿಗೆ. ನಾರ್ತ್ ಕಾಲೇಜ್ ಹಿಲ್‌ನ ಕೌನ್ಸಿಲು ಊರ ಪಾಲಿನಿಂದ ಒಂದು ರಹಸ್ಯ ಸೇವಾ ನಿಧಿಯನ್ನೇ ಕಟ್ಟಿ, ವಕೀಲನಿಗಿಷ್ಟು, ಪೇದೆಗಿಷ್ಟು, ಪತ್ತೇದಾರನಿಗಿಷ್ಟು ಎಂದು ಶೇಕಡಾವಾರು ಗೊತ್ತುಪಡಿಸಿತು. ಹಿಡಿಯುವವನು, ವಾದಿಸುವವನು, ತೀರ್ಪು ಕೊಡುವವನು ಮೂವರಿಗೂ ಕೂಲಿ ಒಂದೇ ಕಣಜದಿಂದ, ಅದೂ ಶಿಕ್ಷೆಯಾದರೆ ಮಾತ್ರ.

ವೈಟ್ ಓಕ್ ಎಂಬಲ್ಲಿ ಸಿಕ್ಕಿಬಿದ್ದ ಎಡ್ ಟ್ಯುಮಿ ಎಂಬಾತನನ್ನು ಅಲ್ಲಿಂದ ನಾರ್ತ್ ಕಾಲೇಜ್ ಹಿಲ್‌ನ ಮೇಯರ್ ಎದುರು ತಂದು ನಿಲ್ಲಿಸಿದರು. ಮದ್ಯ ಇಟ್ಟುಕೊಂಡಿದ್ದ ಆರೋಪ. ಶಿಕ್ಷೆ ಮಾಡಿದರೆ ನಿಮಗೆ ಹಣ ಬರುತ್ತದೆ, ಆದ್ದರಿಂದ ನೀವು ಈ ಮೊಕದ್ದಮೆ ಕೇಳುವಂತಿಲ್ಲ ಎಂದು ಟ್ಯುಮಿ ಆಕ್ಷೇಪಿಸಿದ. ಮೇಯರ್ ಆಕ್ಷೇಪವನ್ನು ತಳ್ಳಿಹಾಕಿ 100 ಡಾಲರ್ ದಂಡ ವಿಧಿಸಿದರು, ಕಟ್ಟುವವರೆಗೆ ಸೆರೆ. ಆ ಒಂದು ಮೊಕದ್ದಮೆಯಿಂದ ಮೇಯರಿಗೆ ಸಂದ ಶುಲ್ಕ 12 ಡಾಲರ್. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಒಹಾಯೋ ಪರವಾಗಿ ವಾದಿಸಿದ್ದು ಲೀಗ್‌ನ ಸೂತ್ರಧಾರ ವೇಯ್ನ್ ವೀಲರ್. ಈ ಕೋರ್ಟುಗಳು ಯಾರಿಗೆ ಬೇಕಾಗಿದ್ದವು ಎಂಬುದಕ್ಕೆ ಬೇರೆ ಪುರಾವೆ ಬೇಡ. 1927ರ ಮಾರ್ಚ್ 7ರಂದು ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ವಿಲಿಯಂ ಹೊವಾರ್ಡ್ ಟಾಫ್ಟ್. ಅವರು ಹುಟ್ಟಿ ಬೆಳೆದದ್ದು ಸಿನ್ಸಿನಾಟಿಯಲ್ಲೇ. ಅಲ್ಲಿ ನ್ಯಾಯಾಧೀಶರೂ ಆಗಿದ್ದರು, ಮುಂದೆ ದೇಶದ ಅಧ್ಯಕ್ಷರಾದರು. ತನ್ನ ಹಿತ್ತಲ ಊರಿನ ವ್ಯವಹಾರ ಅವರಿಗೆ ಅಪರಿಚಿತವಾಗಿರಲಾರದು. ತೀರ್ಪು ಸರ್ವಾನುಮತದ್ದು: ಸಾಮಾನ್ಯ ಮನುಷ್ಯನೊಬ್ಬನನ್ನು ಆರೋಪಿ ಮತ್ತು ಸರ್ಕಾರದ ನಡುವಿನ ತಕ್ಕಡಿಯನ್ನು ನೆಟ್ಟಗೆ ಹಿಡಿಯದಂತೆ ಮಾಡಬಲ್ಲ ಆಮಿಷ ಇದ್ದರೆ ಸಾಕು, ಅಂಥ ವಿಚಾರಣೆ ಸಂವಿಧಾನಕ್ಕೆ ವಿರುದ್ಧ.

ಈ ತೀರ್ಪಿನಲ್ಲಿ ಟ್ಯುಮಿ ನಿರಪರಾಧಿಯೇ ಎಂಬ ಪ್ರಶ್ನೆ ಏಳಲೇ ಇಲ್ಲ ಎಂಬುದನ್ನು ಗಮನಿಸಬೇಕು. ಅವನ ವಿರುದ್ಧದ ಸಾಕ್ಷ್ಯ ಎಷ್ಟೇ ಗಟ್ಟಿಯಾಗಿದ್ದರೂ ಪಕ್ಷಪಾತವಿಲ್ಲದ ಪೀಠ ಅವನ ಹಕ್ಕು ಎಂದಿತು ಕೋರ್ಟು. ಮೇಯರ್ ಕೆಟ್ಟವರು ಎಂದೂ ಅದು ಹೇಳಲಿಲ್ಲ. ಈ ವಿಚಾರದ ಬೇರು ಇಂಗ್ಲೆಂಡಿನಲ್ಲಿತ್ತು. 1610ರಲ್ಲಿ ಲಂಡನ್ನಿನ ವೈದ್ಯರ ಕಾಲೇಜು ಥಾಮಸ್ ಬೋನಮ್ ಎಂಬ ವೈದ್ಯನಿಗೆ ದಂಡ ಹಾಕಿ ಸೆರೆಗೆ ಕಳಿಸಿದ ಪ್ರಕರಣದಲ್ಲಿ ನ್ಯಾಯಾಧೀಶ ಎಡ್ವರ್ಡ್ ಕೋಕ್ ಎತ್ತಿ ತೋರಿಸಿದ್ದು, ದಂಡದ ಅರ್ಧ ಪಾಲು ಕಾಲೇಜಿಗೇ ಹೋಗುತ್ತಿತ್ತು ಎಂಬ ಸಂಗತಿಯನ್ನು. ತನ್ನದೇ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು ಎಂಬ ತತ್ವ ಕೇಳುವುದಕ್ಕೆ ದೊಡ್ಡದು. ಆದರೆ ಅದು ಕಟಕಟೆಗೆ ಬಂದದ್ದು ಹೀಗೆ ಹಣದ ಪಾಲಿನ ಲೆಕ್ಕವಾಗಿ. ಟಾಫ್ಟ್ ಇಂಗ್ಲೆಂಡಿನ ಹಳೆಯ ಪದ್ಧತಿಯನ್ನೆಲ್ಲ ಜಾಲಾಡಿ, ಶಿಕ್ಷೆಯಾದರೆ ಮಾತ್ರ ನ್ಯಾಯಾಧೀಶನಿಗೆ ಸಂಭಾವನೆ ಎಂಬುದು ಅಲ್ಲಿ ರೂಢಿಯಲ್ಲಿರಲಿಲ್ಲ ಎಂದು ತೋರಿಸಿದರು. ಮೇಯರಿನ ಜೇಬಿಗೆ ಹೋಗುವ 12 ಡಾಲರ್ ಒಂದು ತೊಡಕು. ಊರಿನ ಹಣಕಾಸನ್ನು ಸರಿದೂಗಿಸಬೇಕಾದ ಹೊಣೆಯೂ ಅದೇ ಮೇಯರಿನ ಮೇಲಿರುವುದು ಇನ್ನೊಂದು ಎಂದೂ ಬರೆದರು. ಈ ಎರಡನೆಯ ಮಾತು ಸುಮಾರು ನಾಲ್ವತ್ತೈದು ವರ್ಷ ಮೂಲೆಯಲ್ಲಿ ಕೂತಿತ್ತು.

ಮಾರನೆಯ ವರ್ಷವೇ ಅದೇ ರಾಜ್ಯದ ಝೀನಿಯಾ ಪಟ್ಟಣದ ಪ್ರಕರಣ ಬಂತು. ಅಲ್ಲಿ ಆಡಳಿತ ಐವರ ಆಯೋಗದ ಕೈಯಲ್ಲಿತ್ತು, ಮೇಯರ್ ಆ ಐವರಲ್ಲಿ ಒಬ್ಬ. ಅವನಿಗೆ ನಿಗದಿತ ಸಂಬಳ, ಕಾರ್ಯಾಂಗದ ಅಧಿಕಾರ ಏನೂ ಇಲ್ಲ. ದಂಡದ ಹಣ ಊರಿಗೆ ಸೇರಿದರೂ ಅದರೊಂದಿಗೆ ಅವನ ಸಂಬಂಧ ಬಹಳ ದೂರದ್ದು ಎಂದು ಸುಪ್ರೀಂ ಕೋರ್ಟು ಆ ವ್ಯವಸ್ಥೆಯನ್ನು ಒಪ್ಪಿತು. ಹಣ ಎಲ್ಲಿಗೆ ಹೋಗುತ್ತದೆ ಎಂಬುದೇ ಮುಖ್ಯ ಎಂಬ ವಾದದ ವಿರುದ್ಧ ಎತ್ತಬಹುದಾದ ಮೊದಲ ಆಕ್ಷೇಪ ಇಲ್ಲಿದೆ. ಯಾವ ನ್ಯಾಯಾಧೀಶನ ಸಂಬಳವಾದರೂ ಕೊನೆಗೆ ಯಾವುದೋ ಖಜಾನೆಯಿಂದಲೇ ಬರಬೇಕು, ದಂಡವೂ ಯಾವುದೋ ಖಜಾನೆಗೇ ಸೇರಬೇಕು. ಹಾಗೆ ನೋಡಿದರೆ ಎಲ್ಲರೂ ಹಿತಾಸಕ್ತರೇ ಅಲ್ಲವೇ? ಅಲ್ಲ. ಕೋಟಿಗಟ್ಟಲೆ ಜನರ ರಾಜ್ಯದ ಖಜಾನೆಗೆ ಸೇರುವ ಐವತ್ತು ಡಾಲರ್ ಯಾವ ನ್ಯಾಯಾಧೀಶನ ನಿದ್ದೆಯನ್ನೂ ಕೆಡಿಸುವುದಿಲ್ಲ. ಊರಿನ ಪೊಲೀಸ್ ಕಾರಿಗೆ ಈ ವರ್ಷ ಟೈರು ಹಾಕಿಸಬೇಕೋ ಬೇಡವೋ ಎಂದು ಕೌನ್ಸಿಲ್ ಸಭೆಯಲ್ಲಿ ಉತ್ತರ ಹೇಳಬೇಕಾದವನೇ, ಅದೇ ಕೋಣೆಯಲ್ಲಿ ಮರುದಿನ ಸಂಜೆ ದಂಡ ವಿಧಿಸುವವನೂ ಆದಾಗ ಅದೇ ಐವತ್ತು ಡಾಲರಿನ ತೂಕ ಬೇರೆ.

ಆ ತೂಕ ಎಷ್ಟೆಂದು ತೋರಿಸಿದ ಊರು ಮನ್ರೋವಿಲ್. ಅದೂ ಒಹಾಯೋದ್ದೇ. ಕ್ಲಾರೆನ್ಸ್ ವಾರ್ಡ್ ಎಂಬಾತನಿಗೆ ಎರಡು ಸಂಚಾರ ಅಪರಾಧಗಳಿಗೆ ತಲಾ 50 ಡಾಲರ್ ದಂಡ ಬಿತ್ತು. ಇಲ್ಲಿಯ ಮೇಯರಿಗೆ ಟ್ಯುಮಿ ಪ್ರಕರಣದಂತೆ ತಲೆಯೆಣಿಕೆಯ ಶುಲ್ಕ ಇರಲಿಲ್ಲ. ಆದರೆ ಊರಿನ ಆಯವ್ಯಯ ನೋಡಿ: 1964ರಲ್ಲಿ ಊರ ಒಟ್ಟು ಆದಾಯ 46,355 ಡಾಲರ್, ಅದರಲ್ಲಿ ಮೇಯರ್ ಕೋರ್ಟಿನಿಂದ ಬಂದದ್ದು 23,589. ಅರ್ಧಕ್ಕಿಂತ ಹೆಚ್ಚು. 1968ರಲ್ಲಿ 52,995ರಲ್ಲಿ 23,439. ಮಧ್ಯದ ವರ್ಷಗಳಲ್ಲಿ ಪಾಲು ಇಳಿದದ್ದುಂಟು, ಆದರೆ ಮೂರನೇ ಒಂದಕ್ಕಿಂತ ಕೆಳಗೆ ಇಳಿಯಲಿಲ್ಲ. ಮೇಯರ್ ಕೋರ್ಟುಗಳ ಅಧಿಕಾರ ಮೊಟಕುಗೊಳಿಸುವ ಮಸೂದೆಯ ಸುದ್ದಿ ಬಂದಾಗ, ಈ ಆದಾಯ ಹೋದರೆ ಏನು ಗತಿ ಎಂದು ಸಲಹೆ ಕೇಳಲು ಆ ಊರು ಆಡಳಿತ ಸಲಹೆಗಾರರೊಬ್ಬರನ್ನು ಗೊತ್ತುಮಾಡಿಕೊಂಡಿತ್ತು. ಕೋರ್ಟು ಹೋದರೆ ನ್ಯಾಯಕ್ಕೆ ಏನು ಗತಿ ಎಂಬ ಚಿಂತೆಗೆ ಯಾರನ್ನೂ ಕರೆಸಿದಂತಿಲ್ಲ. 1972ರ ನವೆಂಬರ್ 14ರಂದು ಸುಪ್ರೀಂ ಕೋರ್ಟು, ಹಣ ಮೇಯರಿನ ಜೇಬಿಗೆ ಹೋಗದೆ ಊರಿನ ಖಜಾನೆಗೆ ಹೋದರೂ ಆಮಿಷ ಆಮಿಷವೇ ಎಂದು 7–2 ಬಹುಮತದಲ್ಲಿ ತೀರ್ಮಾನಿಸಿತು. ಟಾಫ್ಟ್ ಬರೆದಿಟ್ಟ ಎರಡನೆಯ ಮಾತಿಗೆ ಕೊನೆಗೂ ಜೀವ ಬಂತು.

ಊರಿನವರ ಪ್ರತಿವಾದ ತಳ್ಳಿಹಾಕುವಂಥದ್ದಲ್ಲ. ಮೇಲಿನ ಕೋರ್ಟಿನಲ್ಲಿ ಮೊದಲಿನಿಂದ ಹೊಸ ವಿಚಾರಣೆ ಸಿಗುತ್ತದಲ್ಲ, ಕೆಳಗಿನ ತಪ್ಪು ಅಲ್ಲಿ ತೊಳೆದುಹೋಗುತ್ತದಲ್ಲ ಎಂದು ಅವರು ಕೇಳಿದರು. ಕೋರ್ಟಿನ ಉತ್ತರ ಚಿಕ್ಕದು: ತಟಸ್ಥ ನ್ಯಾಯಾಧೀಶ ಮೊದಲ ಮೆಟ್ಟಿಲಲ್ಲೇ ಸಿಗಬೇಕು. ಇದಕ್ಕೆ ಇನ್ನೊಂದನ್ನು ಸೇರಿಸಬಹುದು. ಮೇಲಿನ ಮೆಟ್ಟಿಲು ಹತ್ತುವವರು ಕೆಲವರೇ ಎಂಬ ನಂಬಿಕೆಯ ಮೇಲೆ ಈ ಇಡೀ ಆದಾಯ ನಿಂತಿದೆ. ದಂಡ ಬಿದ್ದವರೆಲ್ಲರೂ ಹೊಸ ವಿಚಾರಣೆ ಕೇಳಿದರೆ ಒಂದು ತಿಂಗಳೂ ಈ ವ್ಯವಸ್ಥೆ ನಡೆಯದು. ಅಪರೂಪಕ್ಕೆ ಬಳಕೆಯಾಗುವ ಪರಿಹಾರವನ್ನು ತೋರಿಸಿ ದಿನನಿತ್ಯದ ದೋಷವನ್ನು ಸಮರ್ಥಿಸಲಾಗದು. ಭಿನ್ನಮತ ಬರೆದ ನ್ಯಾಯಮೂರ್ತಿ ವೈಟ್ ಅವರ ಆಕ್ಷೇಪಕ್ಕೆ ಹೆಚ್ಚು ಬಲವಿದೆ. ಮೇಯರಿಗೆ ಸ್ವಂತ ಲಾಭವಿಲ್ಲದಿದ್ದಾಗ ಅವನ ಪ್ರಾಮಾಣಿಕತೆಯನ್ನು ಮೊದಲೇ ಅನುಮಾನಿಸುವುದೇಕೆ, ಪಕ್ಷಪಾತ ನಡೆದ ಮೊಕದ್ದಮೆಯನ್ನಷ್ಟೇ ರದ್ದು ಮಾಡಿದರೆ ಸಾಲದೇ ಎಂಬುದು ಅದರ ಒಟ್ಟು ಧಾಟಿ. ಪ್ರಾಮಾಣಿಕ ಮೇಯರುಗಳು ಖಂಡಿತ ಇದ್ದರು, ಇದ್ದಾರೆ. ಆದರೆ ಹೇಳಿದ ಮಾತು ಬರೆದಿಡದ, ಐದು ನಿಮಿಷಕ್ಕೊಂದು ಮುಗಿಯುವ ವಿಚಾರಣೆಯಲ್ಲಿ ಪಕ್ಷಪಾತ ನಡೆಯಿತೆಂದು ಸಾಬೀತು ಮಾಡುವುದು ಹೇಗೆ? ಸಾಕ್ಷಿಯೇ ಉಳಿಯದ ಜಾಗದಲ್ಲಿ ಸಾಕ್ಷಿ ತನ್ನಿ ಎಂದಂತಾಗುತ್ತದೆ. ಅಂಥ ಕಡೆ ವ್ಯಕ್ತಿಯನ್ನು ಅಳೆಯುವುದು ಕಷ್ಟ, ವ್ಯವಸ್ಥೆಯನ್ನು ಅಳೆಯಬಹುದು. 1977ರಲ್ಲಿ ಜಾರ್ಜಿಯಾ ರಾಜ್ಯದ ಪ್ರಕರಣದಲ್ಲಿ ಕೋರ್ಟು ಹಾಗೇ ಅಳೆಯಿತು. ಅಲ್ಲಿನ ಸಣ್ಣ ನ್ಯಾಯಾಧಿಕಾರಿಗೆ ಶೋಧನಾ ವಾರಂಟ್ ಕೊಟ್ಟರೆ 5 ಡಾಲರ್, ನಿರಾಕರಿಸಿದರೆ ಏನೂ ಇಲ್ಲ. ಆ 5 ಡಾಲರ್ ಅವನ ಮನಸ್ಸನ್ನು ನಿಜಕ್ಕೂ ತಿರುಗಿಸಿತೇ ಎಂದು ಯಾರೂ ಕೇಳಲಿಲ್ಲ, ವ್ಯವಸ್ಥೆಯೇ ಅಸಿಂಧುವಾಯಿತು.

ನನ್ನ ವಾದಕ್ಕೆ ನಿಜವಾಗಿ ಎದುರಾಗಿ ನಿಲ್ಲುವ ಸಾಕ್ಷ್ಯ ಕೆಂಟಕಿ ರಾಜ್ಯದ್ದು. ಲಿಂಚ್ ಎಂಬುದು ಉಕ್ಕಿನ ಕಂಪನಿಯೊಂದು ತನ್ನ ಕಲ್ಲಿದ್ದಲು ಗಣಿಗಾಗಿ 1917ರಲ್ಲಿ ಕಟ್ಟಿದ ಊರು. ಅಲ್ಲಿನ ಪೊಲೀಸ್ ಕೋರ್ಟಿನ ನ್ಯಾಯಾಧೀಶ ಒಬ್ಬ ಗಣಿ ಕಾರ್ಮಿಕ, ಕಾನೂನು ಓದಿದವನಲ್ಲ. 1974ರಲ್ಲಿ ಕುಡಿದು ಕಾರು ಓಡಿಸಿದ ಆರೋಪಿಗೆ ಆತ 30 ದಿನ ಸೆರೆ, 150 ಡಾಲರ್ ದಂಡ ವಿಧಿಸಿದ. ತಮಾಷೆಯೆಂದರೆ ಆ ರಾಜ್ಯದ ಕಾನೂನಿನಲ್ಲಿ ಮೊದಲ ಸಲದ ಆ ಅಪರಾಧಕ್ಕೆ ಸೆರೆವಾಸವೇ ಇರಲಿಲ್ಲ, ಬರೀ ದಂಡ. ಇಲ್ಲಿ ಖಜಾನೆಯ ಆಮಿಷವೇನೂ ಕಾಣುವುದಿಲ್ಲ, ಕಾಣುವುದು ಅಜ್ಞಾನ. 1976ರಲ್ಲಿ ಸುಪ್ರೀಂ ಕೋರ್ಟು, ಮೇಲಿನ ಕೋರ್ಟಿನಲ್ಲಿ ವಕೀಲಿ ಓದಿದ ನ್ಯಾಯಾಧೀಶನ ಎದುರು ಹೊಸ ವಿಚಾರಣೆ ಇದೆಯಲ್ಲ ಎಂದು ಈ ಪದ್ಧತಿಯನ್ನು ಎತ್ತಿಹಿಡಿಯಿತು. ನಾಲ್ಕು ವರ್ಷ ಹಿಂದೆ ಮನ್ರೋವಿಲ್‌ನಲ್ಲಿ ಸಾಲದೆಂದ ಪರಿಹಾರವೇ ಲಿಂಚ್‌ನಲ್ಲಿ ಸಾಕಾಯಿತು. ಈ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟರೆ ಕೋರ್ಟು ಅಜ್ಞಾನವನ್ನು ಸಹಿಸಿತು, ಆಮಿಷವನ್ನು ಸಹಿಸಲಿಲ್ಲ ಎಂದಾಗುತ್ತದೆ. ಸೆರೆಗೆ ಹೋಗಬೇಕಾದವನಿಗೆ ಈ ವ್ಯತ್ಯಾಸ ಅಷ್ಟೇನೂ ಸಮಾಧಾನ ಕೊಡದು, ನಿಜ. ಕೆಂಟಕಿಯ ಮತದಾರರಿಗೂ ಕೊಡಲಿಲ್ಲ. ತೀರ್ಪು ಬರುವ ಮೊದಲೇ, 1975ರಲ್ಲಿ, ಅವರು ಸಂವಿಧಾನ ತಿದ್ದಿ ಇಂಥ ಕೋರ್ಟುಗಳ ಬದಲಿಗೆ ಹೊಸ ವ್ಯವಸ್ಥೆ ತಂದರು.

ಆದರೂ ವಿದ್ಯೆಯೇ ಮದ್ದು ಎನ್ನುವವರು ಎರಡು ಕಡೆ ಕಣ್ಣು ಹಾಯಿಸಬೇಕು. ಇಂಗ್ಲೆಂಡಿನಲ್ಲಿ ಬಹುಪಾಲು ಕ್ರಿಮಿನಲ್ ಪ್ರಕರಣಗಳು ಇಂದಿಗೂ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ಮುಗಿಯುತ್ತವೆ. ಅಲ್ಲಿ ಕೂರುವವರಲ್ಲಿ ಹೆಚ್ಚಿನವರು ಕಾನೂನು ಪದವಿಯಿಲ್ಲದ, ಸಂಬಳ ಪಡೆಯದ ನಾಗರಿಕರು. ಪಕ್ಕದಲ್ಲಿ ಕಾನೂನು ಬಲ್ಲ ಸಲಹೆಗಾರನಿರುತ್ತಾನೆ. ಅವರು ವಿಧಿಸಿದ ದಂಡ ಅವರ ಊರಿಗಲ್ಲ, ದೇಶದ ಬೊಕ್ಕಸಕ್ಕೆ ಹೋಗುತ್ತದೆ. ಪುರಸಭೆಯ ಹಿರಿಯರೇ ನ್ಯಾಯ ಹೇಳುವ ಪದ್ಧತಿ ಅಲ್ಲೂ ಇತ್ತು; 1835ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ ಅದನ್ನು ಬಹುಮಟ್ಟಿಗೆ ತೆಗೆದುಹಾಕಿ ನೇಮಕವನ್ನು ರಾಜಪ್ರಭುತ್ವದ ಕೈಗೆ ಕೊಟ್ಟಿತು. ಇನ್ನೊಂದು ಕಡೆ ಮಿಸೌರಿ ರಾಜ್ಯದ ಫರ್ಗ್ಯುಸನ್. ಅಲ್ಲಿಯ ಕಾನೂನಿನಂತೆ 7,500ಕ್ಕಿಂತ ದೊಡ್ಡ ಪಟ್ಟಣದ ಮುನಿಸಿಪಲ್ ನ್ಯಾಯಾಧೀಶ ವಕೀಲನಾಗಿರಲೇಬೇಕು. 21,000 ಜನರ ಫರ್ಗ್ಯುಸನ್‌ನಲ್ಲಿ ವಕೀಲನೇ ಇದ್ದ. 2014ರ ಆಗಸ್ಟ್‌ನಲ್ಲಿ ಪೊಲೀಸ್ ಗುಂಡಿಗೆ ಮೈಕೆಲ್ ಬ್ರೌನ್ ಎಂಬ ಹದಿನೆಂಟರ ಕರಿಯ ಯುವಕ ಬಲಿಯಾದ ಮೇಲೆ ಕೇಂದ್ರದ ನ್ಯಾಯ ಇಲಾಖೆ ತನಿಖೆ ನಡೆಸಿ 2015ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. 2010ರ ಆರ್ಥಿಕ ವರ್ಷದಲ್ಲಿ ಪಟ್ಟಣದ 1.1 ಕೋಟಿ ಡಾಲರ್ ಸಾಮಾನ್ಯ ಆದಾಯದಲ್ಲಿ ದಂಡ ಮತ್ತು ಶುಲ್ಕಗಳ ಪಾಲು 13.8 ಲಕ್ಷ, 2015ರ ಬಜೆಟ್ಟಿನಲ್ಲಿ 1.3 ಕೋಟಿಗೆ 30.9 ಲಕ್ಷ. ಟಿಕೆಟ್ ಬರೆಯುವುದು ಜೋರಾಗದಿದ್ದರೆ ಮುಂದಿನ ವರ್ಷ ವಸೂಲಿ ಹೆಚ್ಚಿಸುವುದು ಕಷ್ಟ ಎಂದು ಹಣಕಾಸು ನಿರ್ದೇಶಕರು ಪೊಲೀಸ್ ಮುಖ್ಯಸ್ಥರಿಗೆ ಬರೆದಿದ್ದರು. ಕೋರ್ಟಿನ ಗುಮಾಸ್ತೆ ಉತ್ತರ ಹೇಳಬೇಕಾಗಿದ್ದದ್ದೂ ಅದೇ ಪೊಲೀಸ್ ಮುಖ್ಯಸ್ಥರಿಗೆ. ನ್ಯಾಯಾಧೀಶನ ಮರುನೇಮಕದ ಹೊತ್ತಿನಲ್ಲಿ ಕೌನ್ಸಿಲ್ ಸದಸ್ಯರೊಬ್ಬರು ಅವನ ವಿಚಾರಣಾ ರೀತಿಯ ಬಗ್ಗೆ ದೂರಿದಾಗ, ಕೊರತೆಗಳಿರುವುದು ಗೊತ್ತು, ಆದರೆ ಕೋರ್ಟಿನ ವಸೂಲಿ ಕುಗ್ಗುವುದನ್ನು ಪಟ್ಟಣ ತಾಳಲಾರದು ಎಂಬ ಅರ್ಥದ ಉತ್ತರ ಆಡಳಿತಾಧಿಕಾರಿಯಿಂದ ಬಂತು. 2014ರ ಕೊನೆಗೆ ಆ ಒಂದೇ ಕೋರ್ಟು ಹೊರಡಿಸಿದ ವಾರಂಟುಗಳು 16,000ಕ್ಕೂ ಹೆಚ್ಚು ಜನರ ಮೇಲೆ ಬಾಕಿ ಇದ್ದವು. ಪಟ್ಟಣದ ಒಟ್ಟು ಜನರ ಮುಕ್ಕಾಲು ಪಾಲಿನಷ್ಟು ಸಂಖ್ಯೆ ಅದು. ಹೊರಗಿನವರೂ ಅದರಲ್ಲಿ ಸೇರಿದ್ದರೆಂಬುದು ಬೇರೆ ಮಾತು. ಅಲ್ಲಿ ಕೊರತೆಯಾದದ್ದು ಕಾನೂನಿನ ಜ್ಞಾನವಂತೂ ಅಲ್ಲ.

ಮಿಸೌರಿ ಈ ರೋಗವನ್ನು ಮೊದಲೇ ಗುರುತಿಸಿತ್ತು. ಸರೋವರದ ವಿಹಾರಕ್ಕೆ ಹೋಗುವವರ ಹೆದ್ದಾರಿಯ ಮೇಲಿದ್ದ ಮ್ಯಾಕ್ಸ್ ಕ್ರೀಕ್ ಎಂಬ ಪುಟ್ಟ ಊರು ವೇಗದ ಟಿಕೆಟ್ಟುಗಳಿಂದಲೇ ಬದುಕುತ್ತಿತ್ತು. ಅದರ ಹೆಸರೇ ಅಂಟಿಕೊಂಡ 1995ರ ಕಾನೂನು, ಊರೊಂದು ತನ್ನ ಆದಾಯದಲ್ಲಿ ಶೇಕಡಾ 45ಕ್ಕಿಂತ ಹೆಚ್ಚನ್ನು ಸಂಚಾರ ದಂಡದಿಂದ ಪಡೆದರೆ ಹೆಚ್ಚುವರಿ ಹಣವನ್ನು ರಾಜ್ಯಕ್ಕೆ ಒಪ್ಪಿಸಬೇಕು ಎಂದಿತು. ಆದಾಯ ನಿಂತದ್ದೇ ಊರು ದಿವಾಳಿಯಾಯಿತು. ಮಿತಿ ಆಮೇಲೆ 35ಕ್ಕೆ, 30ಕ್ಕೆ, ಫರ್ಗ್ಯುಸನ್ ಬಳಿಕ 2015ರಲ್ಲಿ 20ಕ್ಕೆ ಇಳಿಯಿತು. ಫರ್ಗ್ಯುಸನ್ ಇರುವ ಸೇಂಟ್ ಲೂಯಿಸ್ ಕೌಂಟಿಗೆಂದೇ ಇಟ್ಟ 12.5ರ ಮಿತಿಯನ್ನು ರಾಜ್ಯದ ಸುಪ್ರೀಂ ಕೋರ್ಟು 2017ರಲ್ಲಿ ರದ್ದು ಮಾಡಿತು. ಶೇಕಡಾವಾರು ಮಿತಿಯಲ್ಲಿ ಒಂದು ವಿಚಿತ್ರ ಒಪ್ಪಿಗೆ ಅಡಗಿದೆ: ಐದರಲ್ಲೊಂದು ಪಾಲನ್ನು ಕೋರ್ಟಿನಿಂದ ಗಳಿಸಬಹುದು, ಅದರಾಚೆ ಮಾತ್ರ ತಪ್ಪು. ಟಾಫ್ಟ್ ಕೇಳಿದ ಪ್ರಶ್ನೆಗೆ ಇದು ಉತ್ತರವಲ್ಲ, ಚೌಕಾಸಿ.

ಒಹಾಯೋದಲ್ಲೂ ಅಂಥ ಊರುಗಳಿದ್ದವು. ಕೊಲಂಬಸ್ ಪಕ್ಕದ ನ್ಯೂ ರೋಮ್‌ನಲ್ಲಿ 2000ದ ಜನಗಣತಿಯಂತೆ ಇದ್ದದ್ದು 60 ಜನ. ಹೆದ್ದಾರಿಯ ಒಂದು ತುಣುಕು, ತಟ್ಟನೆ ಇಳಿಯುವ ವೇಗಮಿತಿ, ಪೊಲೀಸು, ಮೇಯರ್ ಕೋರ್ಟು. ರಾಜ್ಯ 2004ರಲ್ಲಿ ನ್ಯಾಯಾಲಯದ ಮೂಲಕ ಆ ಊರನ್ನೇ ವಿಸರ್ಜಿಸಿತು. 200 ಅಥವಾ ಅದಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಮೇಯರ್ ಕೋರ್ಟು ಇರಕೂಡದು ಎಂಬ ನಿಯಮ 2013ರಲ್ಲಿ ಜಾರಿಗೆ ಬಂತು. 179 ಜನರ ಲಿನ್‌ಡೇಲ್ ಅದರಿಂದ ತನ್ನ ಕೋರ್ಟು ಕಳೆದುಕೊಂಡಿತು. ಹಾಗಾದರೆ ಎಲ್ಲವನ್ನೂ ಮುಚ್ಚಿಬಿಡಬಾರದೇ? ಫ್ಲಾರಿಡಾ ಹಾಗೆ ಮಾಡಿತು. 1972ರ ಸಂವಿಧಾನ ತಿದ್ದುಪಡಿಯಂತೆ 1977ರ ಹೊತ್ತಿಗೆ ಅಲ್ಲಿನ ಮುನಿಸಿಪಲ್ ಕೋರ್ಟುಗಳೆಲ್ಲ ಹೋದವು, ಟಿಕೆಟ್ಟುಗಳು ಕೌಂಟಿ ನ್ಯಾಯಾಧೀಶರ ಮುಂದೆ ಬಂದವು. ಆದರೆ ದಂಡದಲ್ಲಿ ಊರಿನ ಪಾಲು ಉಳಿಯಿತು. ವಾಲ್ಡೋ ಎಂಬ ಊರಿನ ಪೊಲೀಸರು ಪ್ರತಿ ಪಾಳಿಗೆ ಇಷ್ಟು ಟಿಕೆಟ್ ಎಂದು ಕಾನೂನುಬಾಹಿರವಾಗಿ ಗುರಿ ಇಟ್ಟುಕೊಂಡಿದ್ದರೆಂಬ ದೂರು 2014ರಲ್ಲಿ ಎದ್ದು, ಕೊನೆಗೆ ಕೌನ್ಸಿಲು ಪೊಲೀಸ್ ಇಲಾಖೆಯನ್ನೇ ಮುಚ್ಚಿತು. ಪೀಠ ಶುದ್ಧವಾದರೂ ರಸ್ತೆ ಶುದ್ಧವಾಗಲಿಲ್ಲ. ಹಣದ ದಾರಿ ಬದಲಾಗದೆ ನ್ಯಾಯಾಧೀಶನನ್ನಷ್ಟೇ ಬದಲಾಯಿಸಿದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಫ್ಲಾರಿಡಾ ಒಂದು ಅಳತೆ.

ನಮ್ಮ ಕಡೆಗೂ ಈ ಪ್ರಶ್ನೆ ಬಂದಿತ್ತು, ಬಂದ ದಾರಿ ಮಾತ್ರ ಬೇರೆ. ಬ್ರಿಟಿಷ್ ಭಾರತದ 1898ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 556ನೇ ಕಲಮು ಸ್ವಂತ ಹಿತಾಸಕ್ತಿ ಇರುವ ಮೊಕದ್ದಮೆಯನ್ನು ಮ್ಯಾಜಿಸ್ಟ್ರೇಟ್ ಕೇಳಬಾರದು ಎಂದಿತು. ಆದರೆ ಅದರ ವಿವರಣೆ, ಪುರಸಭೆಯ ಸದಸ್ಯನಾಗಿದ್ದಾನೆ ಎಂಬ ಒಂದೇ ಕಾರಣಕ್ಕೆ ಅವನನ್ನು ಹಿತಾಸಕ್ತನೆಂದು ತಿಳಿಯಕೂಡದು ಎಂದು ಸೇರಿಸಿತು. ಪಟ್ಟಣದ ಗಣ್ಯರನ್ನು ಗೌರವ ಮ್ಯಾಜಿಸ್ಟ್ರೇಟರನ್ನಾಗಿ ಕೂರಿಸುತ್ತಿದ್ದ ಕಾಲ. ಪುರಸಭೆಯಲ್ಲೂ ಪೀಠದಲ್ಲೂ ಅವೇ ಮುಖಗಳು ಕಾಣುವ ಸಂಭವವಿದ್ದಾಗ ಆ ವಿನಾಯಿತಿ ಅನುಕೂಲದ್ದಾಗಿತ್ತು. ಅದೇ ಕಲಮಿನ ಉದಾಹರಣೆ ಇನ್ನೂ ಸ್ವಾರಸ್ಯ: ಅಬಕಾರಿ ಕಾನೂನು ಮುರಿದವನ ಮೇಲೆ ಮೊಕದ್ದಮೆ ಹೂಡಲು ಕಲೆಕ್ಟರಾಗಿ ಆಜ್ಞೆ ಮಾಡಿದವನು ಮ್ಯಾಜಿಸ್ಟ್ರೇಟಾಗಿ ಅದನ್ನು ವಿಚಾರಿಸುವಂತಿಲ್ಲ. ಒಹಾಯೋದಲ್ಲಿ ಪಾನನಿರೋಧದ ನೆಪದಲ್ಲಿ ಬೆರೆತುಹೋದ ಎರಡು ಪಾತ್ರಗಳನ್ನು ಇಲ್ಲಿ ಕಾಗದದ ಮೇಲಾದರೂ ಬೇರೆ ಮಾಡಿದ್ದರು. ಇಲ್ಲಿನ ಚರ್ಚೆ ಮುಂದೆ ಕಾರ್ಯಾಂಗದಿಂದ ನ್ಯಾಯಾಂಗವನ್ನು ಬೇರ್ಪಡಿಸುವ ಬೇಡಿಕೆಯಾಗಿ, ಸಂವಿಧಾನದ 50ನೇ ವಿಧಿಯಾಗಿ, 1973ರ ಸಂಹಿತೆಯಾಗಿ ಬೆಳೆಯಿತು. ಅಧಿಕಾರ ಯಾರ ಕೈಯಲ್ಲಿ ಎಂಬುದು ನಮ್ಮ ಜಗಳದ ಕೇಂದ್ರವಾಗಿತ್ತೇ ಹೊರತು ದಂಡದ ಹಣವಲ್ಲ.

ಸ್ಥಳೀಯ ಕೋರ್ಟಿನ ಪರವಾದ ಕೊನೆಯ ವಾದ, ಅದು ಹತ್ತಿರದಲ್ಲಿದೆ, ಸಂಜೆ ತೆರೆದಿರುತ್ತದೆ, ಊರಿನ ರೀತಿ ರಿವಾಜು ಬಲ್ಲವರು ನಡೆಸುತ್ತಾರೆ, ಹುಲ್ಲು ಬೆಳೆದ ದೂರಿಗೆ ದೂರದ ದೊಡ್ಡ ಕೋರ್ಟಿಗೆ ಅಲೆಯಬೇಕಿಲ್ಲ ಎಂಬುದು. ಇದೆಲ್ಲ ಸರಿ. ಆದರೆ ಇದರಲ್ಲಿ ಯಾವ ಅನುಕೂಲಕ್ಕೂ ದಂಡದ ಹಣ ಊರಿನಲ್ಲೇ ಉಳಿಯಬೇಕೆಂಬ ಷರತ್ತು ಬೇಕಿಲ್ಲ. ಕೋರ್ಟು ಊರಲ್ಲಿರಲಿ, ಹಣ ರಾಜ್ಯಕ್ಕೆ ಹೋಗಲಿ ಎಂದರೆ ಹತ್ತಿರದ ನ್ಯಾಯ ಹತ್ತಿರವೇ ಇರುತ್ತದೆ. ಒಹಾಯೋ ಆ ದಾರಿ ಹಿಡಿಯಲಿಲ್ಲ. 1999ರಲ್ಲಿ ಮೆಸಡೋನಿಯಾ ಎಂಬ ಪಟ್ಟಣದ ಪ್ರಕರಣದಲ್ಲಿ ಕೇಂದ್ರದ ಮೇಲ್ಮನವಿ ನ್ಯಾಯಾಲಯ, ಆಡಳಿತದ ವ್ಯಾಪಕ ಅಧಿಕಾರವಿರುವ ಮೇಯರ್ ತಕರಾರಿರುವ ಮೊಕದ್ದಮೆ ಕೇಳುವಂತಿಲ್ಲ ಎಂದ ಮೇಲೆ ಮೇಯರುಗಳು ತಮ್ಮ ಬದಲಿಗೆ ವಕೀಲರನ್ನು ಮ್ಯಾಜಿಸ್ಟ್ರೇಟರನ್ನಾಗಿ ನೇಮಿಸುವುದು ಹೆಚ್ಚಾಯಿತು. ನೇಮಿಸುವವನು ಮೇಯರೇ. ತಪ್ಪೊಪ್ಪಿಕೊಂಡು ಹಣ ಕಟ್ಟುವವರ ಸಾಲು, ಅಂದರೆ ಬಹುಪಾಲು ಜನ, ಈ ನಿಯಮದ ಹೊರಗೇ ಉಳಿದರು. 1987ರಿಂದ 2010ರವರೆಗೆ ರಾಜ್ಯದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಥಾಮಸ್ ಮೋಯರ್ ಮೇಯರ್ ಕೋರ್ಟುಗಳು ಹೋಗಬೇಕೆಂದು ಬಹಿರಂಗವಾಗಿಯೇ ವಾದಿಸಿದರು. ಸಣ್ಣ ಊರುಗಳ ಮೇಯರುಗಳು ವಿರೋಧಿಸಿದರು. ಅವುಗಳನ್ನು ತೆಗೆಯುವ ಮಸೂದೆಯನ್ನು ಶಾಸನಸಭೆ ಅಂಗೀಕರಿಸಲಿಲ್ಲ.